ಸೊನ್ನೆ ಸಾಲು

ಕುರೆಸ್ಸಾರೆಯ ಬಂದರು ಕಚೇರಿಗೆ ಮಂಗಳವಾರ
ಎಂಡೆಲ್ ಪೀಹ್ಲ್ ಬಂದು ಟೋಪಿ ತೆಗೆದು ನಿಂತ.
ಎಂಬತ್ತೊಂದರ ಮುದುಕ, ಬೂಟಿನಲ್ಲಿ ಇನ್ನೂ ಜೊಂಡಿನ ಕೆಸರು.
'ಅಪ್ಪನದೊಂದು ದೋಣಿ ಇತ್ತು. ನಿಮ್ಮ ದಫ್ತರದಲ್ಲಿ
ಇದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು.'

ಹೆಸರು ಹೇಗೆ ಬರೆಯುತ್ತಿದ್ದರು, ಕೇಳಿದೆ.
ನಕ್ಕ. ಜರ್ಮನರ ಗುಮಾಸ್ತ ಒಂದಕ್ಷರ ಸೇರಿಸಿದನಂತೆ,
ರಷ್ಯನ್ನರವನು ಒಂದನ್ನು ನುಂಗಿದನಂತೆ,
ನಮ್ಮವನು ಕುಡಿದು ಬರೆದನಂತೆ.

ಇರಲಿ, ಇಂಥದಕ್ಕೇ ಅಲ್ಲವೇ ನಕ್ಷತ್ರ ಇರುವುದು.
ಮೊದಲಕ್ಷರ, ಒಂದು ನಕ್ಷತ್ರ, ಕೊನೆಯಕ್ಷರ:
ನಡುವೆ ಏನಾದರೂ ಇರಲಿ, ಎಷ್ಟಾದರೂ ಇರಲಿ, ಕೊಡು.
ಹಳೆಯ ಕಂಪ್ಯೂಟರಿನಲ್ಲಿ ಹದಿನೇಳು ವರ್ಷ
ಹೀಗೇ ಕೇಳಿದ್ದೆ, ಹೀಗೇ ಕೊಟ್ಟಿತ್ತು.

ಪರದೆ ಅಂದಿತು: ಸೊನ್ನೆ ಸಾಲು.
ಕೆಂಪಕ್ಷರವಿಲ್ಲ. ಗಂಟೆ ಬಾರಿಸಲಿಲ್ಲ.
ಮರ್ಯಾದಸ್ಥರ ಮನೆಯವರು ಬಾಗಿಲು ಅರ್ಧ ತೆರೆದು
ಊಟ ಆಯಿತಲ್ಲ ಅನ್ನುವ ಹಾಗೆ.
ಇಲ್ಲ, ಅಂದೆ ನಾನು.
ಅವನು ಟೋಪಿ ಹಾಕಿಕೊಂಡು
ನಾಲ್ಕೂ ಹತ್ತರ ಬಸ್ಸಿಗೆ ಹೋದ.

ರಾತ್ರಿ ಕೈಪಿಡಿ ತೆರೆದೆ, ನಿದ್ದೆ ಬಾರದ್ದಕ್ಕೆ.
ನನ್ನ ಹೊಸ ಕಿಟಕಿಗೂ ಹಳೆಯ ದಫ್ತರಕ್ಕೂ ನಡುವೆ
ಮಾರ್ಚಿನಿಂದ ಒಬ್ಬ ಪ್ರೊವೈಡರ್ ಕೂತಿದ್ದಾನೆ.
ದೇವರು ಕೊಟ್ಟರೂ ಕೊಡದ ಪೂಜಾರಿ ಎನ್ನೋಣ ಎಂದರೆ
ಪಾಪ, ಅವನು ಜಿಪುಣನಲ್ಲ, ಮಡಿವಂತ.
ಹೆಸರಿನ ನಡುವೆ ಮೇಲ್ಕೊಂಬು ಬಂದರೆ ಎರಡು ಸಲ ಬರೆಯಬೇಕು,
ಒಂದು ಉಸಿರಿಗೆ ಒಂದೇ ವಾಕ್ಯ.
ಅವು ತಪ್ಪಿದರೆ ಬೈಯುತ್ತಾನೆ. ಬೈಯುವವನು ಒಳ್ಳೆಯವನು.

ನಕ್ಷತ್ರಕ್ಕೆ ಮಾತ್ರ ಬೈಯಲಿಲ್ಲ.
ಅವನ ವ್ಯಾಕರಣದಲ್ಲಿ ಅದು ಬರೀ ನಕ್ಷತ್ರ.
ಹೆಸರಿನೊಳಗೆ ನಕ್ಷತ್ರವಿರುವ ಒಬ್ಬ ಮೀನುಗಾರನನ್ನು
ನಲವತ್ತು ಸಾವಿರ ಸಾಲುಗಳಲ್ಲಿ ಪ್ರಾಮಾಣಿಕವಾಗಿ ಹುಡುಕಿ
ಬರಿಗೈಯಲ್ಲಿ ಮರಳಿದ.
ಅಂಥವನು ನಮ್ಮ ದ್ವೀಪದಲ್ಲಿ ಹುಟ್ಟಿರಲಿಲ್ಲ.

ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ
ನಕ್ಷತ್ರ ಅಳಿಸಿ ಶೇಕಡಾ ಗುರುತು ಇಟ್ಟೆ,
ಬಡ್ಡಿ ಲೆಕ್ಕದ ಆ ಒಣ ಗುರುತು.
ನಾಲ್ಕು ಸಾಲು ಬಂದವು. ಮೂರನೆಯದು:
ಒಂದು ಕೂವೆ, ಆರೂವರೆ ಮೀಟರ್,
ದೋಣಿಯ ಹೆಸರು ಕಡಲಕ್ಕಿ, ಷರಾ ಖಾಲಿ.

ಮಾರ್ಚಿನಿಂದ ಈಚೆಗೆ ನಾನು ಇಲ್ಲ ಅಂದದ್ದು ಎಷ್ಟು ಜನಕ್ಕೆ?
ಆ ಪಟ್ಟಿ ಯಾವ ದಫ್ತರದಲ್ಲೂ ಇಲ್ಲ.
ಈ ಇಲ್ಲ ಮಾತ್ರ ನಿಜವಾದ ಇಲ್ಲ.

ಫೋನು ಎತ್ತಲು ಬಹಳ ಹೊತ್ತು ಹಿಡಿಯಿತು ಅವನಿಗೆ.
ಓದಿ ಹೇಳಿದೆ. ಉದ್ದ, ಕೂವೆ, ಹೆಸರು.
ಆಚೆ ಕಡೆ ಒಂದು ಕುರ್ಚಿ ಎಳೆದ ಸದ್ದು.
'ಬಣ್ಣ ಬರೆದಿದೆಯೇ?'
ಬಣ್ಣಕ್ಕೆ ಅಂಕಣವೇ ಇಲ್ಲ, ಅಂದೆ.
'ನೀಲಿ,' ಅಂದ. 'ಬರೆದುಕೊಳ್ಳಿ.'