ಟೋಪಿ

ಪಾಲಿಬೆಟ್ಟದ ಕಾಫಿ ನರ್ಸರಿಯಲ್ಲಿ
ನಲವತ್ತೈದನೇ ದಿನ
ಡೊಂಕು ಕತ್ತೊಂದು ಮಣ್ಣಿಂದೆದ್ದು ನೆಟ್ಟಗಾಯಿತು,
ಬೀಜವನ್ನೇ ತಲೆಯ ಮೇಲೆ ಹೊತ್ತು.

‘ಟೋಪಿ ಬಂತು’ ಅಂದಳು ಚೋಮಿ.

ಇನ್ನೂ ಬಾಯಿ ಬಂದಿಲ್ಲ ಇದಕ್ಕೆ.
ತಾಯಿ ಕಟ್ಟಿಕೊಟ್ಟ ಬುತ್ತಿಯೇ ಆ ಟೋಪಿ,
ಊಟ ಇಳಿಯುವುದು ತಲೆಯಿಂದ ಕಾಲಿಗೆ.

ನಾನು ಹೊಸಬ. ಕೈ ಸುಮ್ಮನಿರಲಿಲ್ಲ,
ಒಂದರ ಹೊಟ್ಟು ಸುಲಿದೇಬಿಟ್ಟೆ.
ಒಳಗೆ ಮಡಚಿದ್ದ ಎಲೆ ಚಿಂದಿ.
ಚೋಮಿ ಬಯ್ಯಲಿಲ್ಲ.
ಚಪ್ಪರದ ಸೊಪ್ಪು ಸರಿಸಿ
ಅಂಗೈಯಗಲ ಬಿಸಿಲು ಬಿಟ್ಟಳು,
ನೀರಿನ ಡಬ್ಬ ಬದಿಗಿಟ್ಟಳು:
‘ಸ್ವಲ್ಪ ಬಾಯಾರಲಿ.
ಇಲ್ದಿದ್ರೆ ಬೇರು ಯಾಕೆ ಕೆಳಗಿಳೀತದೆ?’

ಮೂರನೇ ವಾರ ಟೋಪಿಗಳು ತಾವೇ ಕಳಚಿ ಬಿದ್ದವು.
ಸಾಲುಸಾಲು ಚಿಟ್ಟೆ ರೆಕ್ಕೆ,
ಎಲೆಯಡಿಯಲ್ಲಿ ಕಣ್ಣಿಗೆ ಕಾಣದಷ್ಟು ಕದಗಳು:
ಸುಡುಮಧ್ಯಾಹ್ನ ಅರೆಮುಚ್ಚಿ
ಬೆಳಗಿನ ಮಂಜಿಗೆ ತೆರೆದು,
ಗಂಟೆ ಹೊಡೆಯಲು ಅಲ್ಲಿ ಮೇಸ್ತ್ರಿಯಿಲ್ಲ.
ಬೆಳಕು ಅನ್ನವಾಗುವ ಸದ್ದಿಗೆ ಬಗ್ಗಿ ಕಿವಿಗೊಟ್ಟೆ.
ಕೇಳಿದ್ದು ಜೀರುಂಡೆ.

ನಾನು ಸುಲಿದದ್ದು?
ಅರ್ಧ ಎಲೆಯಲ್ಲೇ ನಿಂತಿತ್ತು,
ಕಂಕುಳಲ್ಲಿ ಸಾಸಿವೆಯಷ್ಟು ಹಸಿರು.
ಚೋಮಿ ಬುಟ್ಟಿಗೆ ತುಂಬುತ್ತ
ಅದನ್ನೂ ಎಣಿಸಿದಳು.