ಎರಡಕ್ಕಷ್ಟೇ ಪರವಾನಗಿ

ಭದ್ರಾವತಿಯ ಗುಜರಿ ಖಾಜಾಸಾಬರು ಅದನ್ನು
ತೂಕಕ್ಕೆ ಕೊಟ್ಟರು. ನಲವತ್ತೊಂದು ಕಿಲೋ.
"ಕಬ್ಬಿಣದ ರೇಟು ಹಾಕಿದೀನಿ ಮೇಡಂ,
ಒಳಗಿನ ಬುದ್ಧಿಗೆ ಏನೂ ಹಾಕಿಲ್ಲ."

ಮುಚ್ಚಿದ ಕಾರ್ಖಾನೆಯ ಹರಾಜಿನ ಮಾಲು.
ಬೆನ್ನ ಮೇಲೆ ಇನ್ನೂ ಅಂಟಿದ ಚೀಟಿ:
ಟೈಂ ಆಫೀಸ್. ಮುಟ್ಟಬೇಡಿ.
ಮುಟ್ಟಿದೆ.

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸ್ವಿಚ್ ಒತ್ತಿದರೆ
ಫ್ಯಾನುಗಳು ಅಕ್ಕಿ ಮಿಲ್ಲಿನ ಹಾಗೆ ಕೂಗಿದವು,
ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಿಗೆ ಬಂದು
ನೋಡಿ, ಏನೂ ಅನ್ನದೆ ಹೋದರು.
ಪರದೆಯ ಮೇಲೆ ಹಳೆಯ ಯಜಮಾನ ಎದ್ದು ಕೂತು
ಒಂದೇ ಸಾಲು ಕೇಳಿದ:
ಪರವಾನಗಿ ಸಂಖ್ಯೆ?
ಕೊಟ್ಟ ಕಂಪನಿ ಈಗಿಲ್ಲ, ಕೊಂಡ ಕಾರ್ಖಾನೆಯೂ ಇಲ್ಲ,
ಪ್ರಶ್ನೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಹಳೇ ಡಿಸ್ಕು ಬಿಚ್ಚಿ ಬೀರುವಿನಲ್ಲಿಟ್ಟು
ಹೊಸದಕ್ಕೆ ಲಿನಕ್ಸ್ ಹಾಕಿದೆ.
ಹಾಕಿದೆ ಅಂದರೆ ಸುಲಭವಾಗಿ ಕೇಳಿಸುತ್ತದೆ.
ಕಂಟ್ರೋಲರಿಗೆ ಇದ್ದದ್ದು ಒಂದೇ ಡ್ರೈವರು,
ಯಾವ ಊರಿನವರೋ ಬರೆದು, ಯಾರಿಗಾದರೂ ಆಗಲಿ ಅಂತ
ಬಿಟ್ಟು ಹೋದದ್ದು. ಕೊನೆಯಲ್ಲೊಂದು ಟಿಪ್ಪಣಿ:
ಇದು ಯಾಕೆ ಕೆಲಸ ಮಾಡುತ್ತದೋ ನನಗೂ ಗೊತ್ತಿಲ್ಲ.
ಆ ಸಾಲಿಗೆ ಕೈ ಮುಗಿದು ಕರ್ನಲ್ ಕಟ್ಟಲು ಕೂರಿಸಿದೆ.
ಒಂದೇ ಪ್ರೊಸೆಸರಿನ ಮೇಲೆ ತೆವಳುತ್ತಿತ್ತು.
ಹತ್ತೂವರೆಗೆ ಕರೆಂಟು ಹೋಯಿತು.
ಯುಪಿಎಸ್ಸು ಏಳು ನಿಮಿಷ ಹಲ್ಲು ಕಚ್ಚಿ ಹಿಡಿಯಿತು.
ಮತ್ತೆ ಮೊದಲಿಂದ.

ನಸುಕಿನ ನಾಲ್ಕಕ್ಕೆ ಸಾಲುಗಳು ಸರಿದವು.
ಪ್ರೊಸೆಸರ್ ಸೊನ್ನೆ, ಹಾಜರ್.
ಪ್ರೊಸೆಸರ್ ಒಂದು, ಹಾಜರ್.
ಹಳೇ ಕಡತದಲ್ಲಿ ಇದ್ದದ್ದು ಇಷ್ಟೇ,
ಟೀ ಮಾಡಲು ಎದ್ದೆ.
ಪ್ರೊಸೆಸರ್ ಎರಡು.
ಪ್ರೊಸೆಸರ್ ಮೂರು.

ಆಫ್ ಮಾಡಿ, ಮುಚ್ಚಳ ತೆಗೆದು, ಬೆರಳಿಟ್ಟು ಎಣಿಸಿದೆ.
ನಾಲ್ಕಕ್ಕೂ ದುಡ್ಡು ಕೊಟ್ಟು ತಂದಿದ್ದರು,
ಎರಡಕ್ಕಷ್ಟೇ ಪರವಾನಗಿ ಕೊಂಡಿದ್ದರು.
ಹನ್ನೊಂದು ವರ್ಷ ಉಳಿದೆರಡು
ಹೆಸರು ಕೂಗದ ಹಾಜರಿಗೆ
ಕಿವಿಗೊಟ್ಟು ಕೂತಿದ್ದವು.

ಅದೇ ಕಾರ್ಖಾನೆಯ ಗೇಟಿನಲ್ಲಿ ಅಪ್ಪ ಬದಲಿ ಕಾರ್ಮಿಕ.
ದಿನಾ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದ.
ಕೂಗಿದರೆ ಒಳಗೆ. ಕೂಗದಿದ್ದರೆ
ಹೊಂಗೆ ಮರದ ಕೆಳಗೆ ಸಂಜೆ ತನಕ.
ಬುತ್ತಿ ಮಾತ್ರ ಒಂದು ದಿನವೂ ತಿರುಗಿ ತಂದವನಲ್ಲ,
ಕೆಲಸ ಸಿಕ್ಕಿತೆಂದು ಅವ್ವ ತಿಳಿಯಲಿ ಅಂತ.

"ನಾಲ್ಕೂ ಒಂದೇ ಸಲ ಒಂದೇ ಜಾಗಕ್ಕೆ ಕೈ ಹಾಕಿದ್ರೆ, ಮಿಸ್?"
ಕೊನೇ ಬೆಂಚಿನ ಫಿಲೋಮಿನಾ.
ಪುಸ್ತಕ ಮುಚ್ಚಿದೆ.
ನಮ್ಮ ವಠಾರದಲ್ಲಿ ನಾಲ್ಕು ಮನೆಗೆ ಒಂದು ನಲ್ಲಿ.
ಕೊಡ ಇಟ್ಟವಳಿಗೆ ನೀರು, ತುಂಬುವ ತನಕ ಉಳಿದವರು ಕಾಯಬೇಕು.
ಅದೇ ಬೀಗ.
ಒಬ್ಬಳ ಕೈಲಿ ಬಿಂದಿಗೆ, ಇನ್ನೊಬ್ಬಳ ಕೈಲಿ ಹಗ್ಗ,
ನೀ ಮೊದಲು ಕೊಡು ನೀ ಮೊದಲು ಕೊಡು ಅಂತ
ಬಾವಿಕಟ್ಟೆಯಲ್ಲೇ ಇಬ್ಬರೂ ಬಾಯಾರಿ ನಿಂತರೆ
ಅದಕ್ಕೂ ಒಂದು ಹೆಸರಿದೆ, ಐದು ಮಾರ್ಕಿಗೆ ಬರುತ್ತದೆ.
ಕೆಲಸ ಹಂಚುವುದು ಮಾತ್ರ ಅಳಗುಳಿ ಮಣೆ,
ಹುಣಸೆ ಬೀಜ ಹಿಡಿದು ಗುಳಿಗೊಂದು ಗುಳಿಗೊಂದು ಬಿಡುತ್ತಾ
ಸುತ್ತು ಬರುವುದು.
ಆ ಆಟದಲ್ಲಿ ಎದುರಿನ ಗುಳಿ ಬರಿದು ಮಾಡಿದವರು ಗೆದ್ದರು,
ಇಲ್ಲಿ ಒಂದು ಗುಳಿ ಬರಿದಾಗಿ ಕೂತರೆ
ಇಡೀ ಮಣೆ ಸೋತ ಹಾಗೆ.

ಈಗ ಶನಿವಾರ ಶನಿವಾರ ಹಳೇ ಕೆಲಸಗಾರರು ಬರುತ್ತಾರೆ,
ಟೋಕನ್ ನಂಬರು ಬರೆದ ಸಿಗರೇಟು ಪ್ಯಾಕಿನ ಚೂರು ಹಿಡಿದು.
ಬೀರುವಿನ ಡಿಸ್ಕು ಹಾಕಿ ಹುಡುಕುತ್ತೇನೆ.
ನಾಲ್ಕೂ ಹಂಚಿಕೊಂಡು ಓದುತ್ತವೆ,
ಒಂದು ಕೆಮ್ಮು ಮುಗಿಯುವುದರೊಳಗೆ ಒಬ್ಬರ ಸರ್ವಿಸು.

ಒಂದು ಶನಿವಾರ ಎಲ್ಲರೂ ಹೋದ ಮೇಲೆ
ಅಪ್ಪನ ನಂಬರು ಹಾಕಿದೆ.
ಕರೆದ ದಿನಗಳು: ಆರುನೂರ ಹದಿಮೂರು.
ಕರೆಯದ ದಿನಗಳಿಗೆ ಕಡತವಿಲ್ಲ.
ಮತ್ತೊಮ್ಮೆ ಹುಡುಕಿಸಿದೆ, ನಾಲ್ಕರ ಕೈಲೂ.
ಇಲ್ಲ.

ಮೂರನೆಯದು ಉಳಿದವಕ್ಕಿಂತ ಎರಡು ಡಿಗ್ರಿ ಬಿಸಿ.
ಹೀಟ್‌ಸಿಂಕಿನ ಪೇಸ್ಟು ಒಣಗಿರಬೇಕು,
ಶಿವಮೊಗ್ಗಕ್ಕೆ ಹೋದಾಗ ತರಬೇಕು.