ಅಲ್ಲಿಯ ನೀರು

ಕೂತ್ಕೋ ಸಿನಾನ್. ಪಾಸ್‌ಪೋರ್ಟಿನ ಫೋಟೋದ ಹಾಗೆ ಮಾಡಬೇಕೋ
ಅಥವಾ ನಿನಗೆ ಒಪ್ಪುವ ಹಾಗೋ?
ಎರಡೂ ಒಂದೇ ಅಲ್ಲ ಮಾರಾಯ,
ಕೌಂಟರಿನವನು ಮುಖಕ್ಕಿಂತ ಮೊದಲು ಕಿವಿ ನೋಡುತ್ತಾನೆ.

ಎಲ್ಲರೂ ಕೇಳುವುದನ್ನೇ ನೀನೂ ಕೇಳಿದೆ:
ಸಂಕಪ್ಪಣ್ಣ, ಅಲ್ಲಿ ಒಳ್ಳೆಯದೋ, ಇಲ್ಲಿಯೋ?
ಹತ್ತೊಂಬತ್ತು ವರ್ಷ ಮಸ್ಕತ್ತಿನ ರೂವಿಯಲ್ಲಿ ಕತ್ತರಿ ಹಿಡಿದವನು,
ನಾಲ್ಕು ವರ್ಷದಿಂದ ಹೊಸಂಗಡಿಯ ಈ ರೈಲ್ವೆ ಗೇಟಿನ ಪಕ್ಕ.
ನನಗೆ ಗೊತ್ತಿರುವುದು ತಲೆಗಳ ಲೆಕ್ಕ ಮಾತ್ರ.

ಅಲ್ಲಿ ಒಂದು ತಲೆಗೆ ಎಂಟುನೂರು ಬೈಸಾ.
ಪ್ರತಿ ಗಡ್ಡಕ್ಕೆ ಹೊಸ ಬ್ಲೇಡು, ಇಲ್ಲದಿದ್ದರೆ ಬಲದಿಯಾದವರು ಬಂದು
ಬಾಗಿಲಿಗೇ ಚೀಟಿ ಅಂಟಿಸಿ ಹೋಗುತ್ತಾರೆ.
ಕರೆಂಟು ಹೋಯಿತು ಎನ್ನುವುದಕ್ಕೆ ಅರಬಿಯಲ್ಲಿ ಏನು,
ನಾನು ಕಲಿಯಬೇಕಾಗಿಯೇ ಬರಲಿಲ್ಲ.
ಇಲ್ಲಿ ಮೊನ್ನೆ ಪೋಸ್ಟ್‌ಮಾಸ್ಟರ್ ಕುಂಞಿಕಣ್ಣನ್‌ರ ಎಡಗೆನ್ನೆ ಮುಗಿದಿತ್ತು,
ಬಲಗೆನ್ನೆಗೆ ಅವರನ್ನು ಕುರ್ಚಿ ಸಮೇತ ಬಾಗಿಲಿಗೆ ಎಳೆದೆ.
ರೈಲು ಬರುವವರೆಗೆ ಗೇಟಿನಲ್ಲಿ ನಿಂತವರೆಲ್ಲ
ಆ ಅರ್ಧ ಗಡ್ಡಕ್ಕೆ ಅಭಿಪ್ರಾಯ ಹೇಳಿದರು,
ಇಬ್ಬರು ಮಲಯಾಳದಲ್ಲಿ, ಒಬ್ಬ ತುಳುವಿನಲ್ಲಿ,
ಒಬ್ಬಳು ಕೊಂಕಣಿಯಲ್ಲಿ ನಕ್ಕಳು.

ಅಲ್ಲಿ ಕುರ್ಚಿಗೆ ಕೂತವರು ಕಣ್ಣು ಮುಚ್ಚುತ್ತಾರೆ.
ಹನ್ನೆರಡು ಗಂಟೆ ದುಡಿದ ತಲೆ,
ಕೈ ಇಟ್ಟ ಕೂಡಲೇ ಭಾರವಾಗುತ್ತದೆ.
ಎಷ್ಟೋ ಗಂಡಸರಿಗೆ ನಿದ್ದೆಯಲ್ಲೇ ಕ್ಷೌರ ಮುಗಿಸಿದ್ದೇನೆ,
ಎಬ್ಬಿಸುವ ಮೊದಲು ಎರಡು ನಿಮಿಷ ಬಿಟ್ಟಿದ್ದೇನೆ.
ಆ ಎರಡು ನಿಮಿಷಕ್ಕೆ ದುಡ್ಡು ಹಿಡಿದವನಲ್ಲ.

ಆ ಜ್ವರದ ವರ್ಷ ನೆನಪಿದೆಯಾ, ನೀನು ಆಗ ಹೈಸ್ಕೂಲು.
ನಮ್ಮ ಕೋಣೆಯ ರಫೀಕುಲ್, ಚಿತ್ತಗಾಂಗಿನವನು, ಮೆಟ್ಟಿಲಲ್ಲಿ ಬಿದ್ದ.
ಒಂಬತ್ತು ನಿಮಿಷಕ್ಕೆ ಗಾಡಿ ಬಂತು.
ಯಾವ ದೇಶದವನೆಂದು ಅವರು ಕೇಳಿದ್ದು
ಮೂಗಿಗೆ ಆಕ್ಸಿಜನ್ ಇಟ್ಟ ಮೇಲೆ.
ಅದೇ ವಾರ ಇಲ್ಲಿ ನನ್ನ ಅಕ್ಕ ಗಿರಿಯಮ್ಮ
ಎದೆ ಹಿಡಿದುಕೊಂಡು ರಿಕ್ಷಾದಲ್ಲಿ ತಲಪಾಡಿಯವರೆಗೆ ಹೋದಳು.
ಆಚೆ ಮಂಗಳೂರು,
ನಮ್ಮ ಹೆರಿಗೆ, ಹಲ್ಲು, ಮದುವೆಯ ಜವಳಿ ಎಲ್ಲ ಅಲ್ಲಿಯದೇ ಅಲ್ಲವಾ.
ರಸ್ತೆಗೆ ಮಣ್ಣು ಸುರಿದಿತ್ತು.
ಮಣ್ಣಿನ ಪಕ್ಕದ ಪೊಲೀಸು ಬೇಡ ಎಂದದ್ದು ತುಳುವಿನಲ್ಲಿ,
ಇವಳು ಅತ್ತದ್ದೂ ತುಳುವಿನಲ್ಲಿ.
ಸಮುದ್ರ ದಾಟಲು ನನಗೊಂದು ಪುಸ್ತಕ ಇತ್ತು, ಅದಕ್ಕೆ ಸೀಲು ಇತ್ತು.
ಆ ಮಣ್ಣುಗುಡ್ಡೆ ದಾಟಲು ಏನು ಬೇಕೆಂದು
ಅಕ್ಕನಿಗೆ ಕೊನೆಗೂ ಯಾರೂ ಹೇಳಲಿಲ್ಲ.

ಸ್ವಲ್ಪ ತಡಿ. ಕತ್ತರಿಗೆ ಎಣ್ಣೆ ಬೇಕು.

ಹಾಗಾದರೆ ಅಲ್ಲಿಯೇ ವಾಸಿ ಅನ್ನುತ್ತೀಯ. ಅವಸರ ಮಾಡಬೇಡ.
ನನ್ನ ಕಾರ್ಡು ಮುಗಿದ ದಿನ ಅರಬಾಬ್ ಚಹಾ ಕುಡಿಸಿದ, ಒಳ್ಳೆಯವನೇ.
ನಾನು ಕನ್ನಡಿ ಒರೆಸಿ ಕೀಲಿ ಕೊಟ್ಟೆ.
ಅದೇ ಕನ್ನಡಿಯಲ್ಲಿ ನನ್ನ ತಲೆ ಕಪ್ಪಿನಿಂದ ಬೆಳ್ಳಗಾದದ್ದು,
ಆ ಕನ್ನಡಿ ತೂಗುವ ಮೊಳೆಯೂ ನನ್ನದಲ್ಲ.
ಇಲ್ಲಿ ಪಂಚಾಯತು ಮೆಂಬರಿಗೆ ಸೋಪು ಹಚ್ಚಿ,
ಗಂಟಲಿನ ಹತ್ತಿರ ಕತ್ತಿ ನಿಲ್ಲಿಸಿ ಕೇಳುತ್ತೇನೆ,
ನಮ್ಮ ಚರಂಡಿ ಏನಾಯಿತು?
ಚರಂಡಿ ಆಗಿಲ್ಲ.
ಕೇಳುವುದಂತೂ ಕೇಳುತ್ತೇನೆ, ವಾರಕ್ಕೊಮ್ಮೆ, ಎಲ್ಲರೆದುರು,
ಅವನು ಅಲ್ಲಾಡುವ ಹಾಗಿಲ್ಲ.

ತಲೆ ಬಗ್ಗಿಸು, ಕತ್ತಿನ ಹಿಂದೆ ಬಾಕಿ ಇದೆ.
ಇಲ್ಲೊಂದು ಸುಳಿ ಇದೆ ನಿನಗೆ, ಬೆರಳಿಟ್ಟು ನೋಡು.
ನಿನ್ನ ಅಜ್ಜ ಮೂಸಾಕುಂಞಿಗೂ ಇತ್ತು, ನನ್ನ ಅಪ್ಪ ತೋರಿಸಿದ್ದ.
ಮೇಲಿನಿಂದ ಕತ್ತರಿಸಿದರೆ ಮುಳ್ಳಿನ ಹಾಗೆ ನಿಲ್ಲುತ್ತದೆ,
ಕೆಳಗಿನಿಂದ ಬರಬೇಕು. ಅಲ್ಲಿ ಕೂತಾಗ ಬಾಯಿಬಿಟ್ಟು ಹೇಳು,
ಅಲ್ಲಿಯವನಿಗೆ ಗೊತ್ತಿರುವುದಿಲ್ಲ.

ಮತ್ತೆ ಮೊದಲ ತಿಂಗಳು ದಿಂಬಿನ ಮೇಲೆ ಕೂದಲು ಸಿಗುತ್ತದೆ, ಹಿಡಿ ಹಿಡಿ.
ಹೆದರಿ ಉಮ್ಮನಿಗೆ ಫೋನು ಮಾಡಬೇಡ.
ಅದು ಅಲ್ಲಿಯ ನೀರು, ಅಷ್ಟೆ.